ಈ ನಟ್ಟು ಆ ಬೋಲ್ಟಿಗೆ ಹೇಗೆ ಕೂತಿತು?

ಮನೆಯ ಸಣ್ಣಪುಟ್ಟ ದುರಸ್ತಿಗೆ ಅಗತ್ಯವಾಗಿ ಬೇಕಾದ ಸಲಕರಣೆಗಳು ಯಾವುವು ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ಸುತ್ತಿಗೆ, ಇಕ್ಕಳ, ಸ್ಕ್ರೂಡ್ರೈವರ್, ಸ್ಪ್ಯಾನರ್, ಗರಗಸ, ಅರ, ಒಂದು ಡ್ರಿಲ್ಲಿಂಗ್ ಯಂತ್ರ. ಜಾಗವಿದ್ದರೆ ಮೇಜಿಗೆ ಬಿಗಿದ ಒಂದು ವೈಸ್. ಪಟ್ಟಿ ಸರಿಯಾಗಿಯೇ ಇದೆ. ಆದರೆ ಈ ಪಟ್ಟಿಯಲ್ಲಿ ಬರೆಯಲಾಗದ ಒಂದು ಸಲಕರಣೆ ಇದೆ. ಅದು ಇಲ್ಲದಿದ್ದರೆ ಮೇಲಿನವುಗಳಲ್ಲಿ ಅರ್ಧದಷ್ಟು ಕೆಲಸಕ್ಕೆ ಬಾರವು.

ಅದನ್ನು ಕಾಣಲು ಒಂದು ಸಣ್ಣ ಪ್ರಯೋಗ ಮಾಡಿ. ಮನೆಯಲ್ಲಿ ಹಳೆಯ ತಿರುಪು, ಮೊಳೆಗಳನ್ನು ಹಾಕಿಟ್ಟ ಡಬ್ಬಿ ಇದ್ದೇ ಇರುತ್ತದೆ. ಅದರಿಂದ ಒಂದು ಬೋಲ್ಟನ್ನು ತೆಗೆದುಕೊಳ್ಳಿ. ಅಂಗಡಿಗೆ ಹೋಗಿ ಅದೇ ಗಾತ್ರದ ಒಂದು ಹೊಸ ನಟ್ಟನ್ನು ತನ್ನಿ. ಬೆರಳಿನಿಂದ ತಿರುಗಿಸಿ ನೋಡಿ, ಸರಾಗವಾಗಿ ಕೂರುತ್ತದೆ. ಬೋಲ್ಟು ಎಲ್ಲಿಯೋ ತಯಾರಾದದ್ದು, ನಟ್ಟು ಇನ್ನೆಲ್ಲಿಯೋ. ಎರಡನ್ನೂ ಮಾಡಿದವರು ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಒಂದಕ್ಕೊಂದು ಹೊಂದಿಕೊಂಡವು. ನಮಗೆ ಇದರಲ್ಲಿ ಆಶ್ಚರ್ಯವೇ ಕಾಣುವುದಿಲ್ಲ. 1790ರಲ್ಲಿ ಲಂಡನ್ನಿನ ಅತ್ಯಂತ ನುರಿತ ಕಮ್ಮಾರನಿಗೆ ಇದನ್ನು ತೋರಿಸಿದ್ದರೆ ಅವನು ಕಣ್ಣುಜ್ಜಿಕೊಂಡು ನೋಡುತ್ತಿದ್ದ.

ನನಗೆ ಈ ವಿಷಯ ಮನಸ್ಸಿಗೆ ಹತ್ತಿದ್ದು ಏಳನೇ ತರಗತಿಯಲ್ಲಿದ್ದಾಗ, ಅದೂ ಒಂದು ತಪ್ಪಿನಿಂದ. ಮೈಸೂರಿನ ನಮ್ಮ ಮನೆಗೆ ಕಾರೂ ಇರಲಿಲ್ಲ, ಕಾರಿನ ಷೆಡ್ಡೂ ಇರಲಿಲ್ಲ. ಮಹಡಿ ಮೆಟ್ಟಿಲಿನ ಕೆಳಗಿನ ಜಾಗವೇ ಅಪ್ಪನ ವರ್ಕ್‌ಷಾಪು. ಅಲ್ಲಿ ಅವರ ಯೆಜ್ಡಿ ಮೋಟಾರ್ ಸೈಕಲ್ ನಿಲ್ಲುತ್ತಿತ್ತು. ಗೋಡೆಯ ಗೂಡಿನಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ, ಅದರೊಳಗೆ ಸ್ಪ್ಯಾನರುಗಳು. ಆ ಬೇಸಿಗೆ ರಜೆಯಲ್ಲಿ ಸೋದರಮಾವ ತಮ್ಮ ಹಳೆಯ ಬುಲೆಟ್ಟಿನಲ್ಲಿ ಬಂದಿದ್ದರು. ಎಂಜಿನ್ನನ್ನು ಚೌಕಟ್ಟಿಗೆ ಹಿಡಿದಿಟ್ಟ ಒಂದು ಬೋಲ್ಟು ಸಡಿಲವಾಗಿ ಗಡಗಡ ಎನ್ನುತ್ತಿತ್ತು. ಎಲ್ಲರೂ ಊಟವಾಗಿ ಮಲಗಿದ್ದ ಹೊತ್ತಿನಲ್ಲಿ ನಾನು ಅದನ್ನು ಬಿಗಿ ಮಾಡಿ ಮಾವನಿಂದ ಶಹಬ್ಬಾಸ್ ಎನಿಸಿಕೊಳ್ಳಬೇಕೆಂದು ಹೊರಟೆ. 13ರ ಸ್ಪ್ಯಾನರ್ ತಲೆಯೊಳಗೆ ಹೋಗಲೇ ಇಲ್ಲ. 14ರದ್ದು ಹೋಯಿತು, ಆದರೆ ಸ್ವಲ್ಪ ಅಲ್ಲಾಡುತ್ತಿತ್ತು. ಅಷ್ಟೇ ತಾನೇ ಎಂದುಕೊಂಡು ಹಿಡಿಯ ಮೇಲೆ ಕಾಲಿಟ್ಟು ಒತ್ತಿದೆ. ಕಿರ್ರ್ ಎಂದು ಸ್ಪ್ಯಾನರ್ ಜಾರಿತು. ನೋಡುತ್ತೇನೆ, ಬೋಲ್ಟಿನ ತಲೆಯ ಆರು ಮೂಲೆಗಳೂ ಸವೆದು ಅದು ಹೆಚ್ಚುಕಡಿಮೆ ಗುಂಡಗಾಗಿದೆ. ಇನ್ನು ಯಾವ ಸ್ಪ್ಯಾನರಿಗೂ ಅದು ಸಿಗುವುದಿಲ್ಲ. ಮಾವ ಮರುದಿನ ಬೆಳಗ್ಗೆಯೇ ಊರಿಗೆ ಹೊರಡಬೇಕಿತ್ತು.

ಆ ಬೋಲ್ಟಿನ ಗತಿ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು, ಅಪ್ಪನ ಸ್ಪ್ಯಾನರಿಗೂ ಮಾವನ ಬೋಲ್ಟಿಗೂ ಯಾಕೆ ಹೊಂದಲಿಲ್ಲ ಎಂಬುದನ್ನು ತಿಳಿಯಲು ನಾವು ಇನ್ನೂರು ವರ್ಷಕ್ಕೂ ಹಿಂದಿನ ಲಂಡನ್ನಿಗೆ ಹೋಗಬೇಕು.

ತಿರುಪು ಎಂದರೆ ಏನು? ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಉತ್ತರವಿದೆ: ಕಂಬಕ್ಕೆ ಸುತ್ತಿದ ಇಳಿಜಾರು. ಲಂಬಕೋನ ತ್ರಿಭುಜಾಕಾರದ ಕಾಗದವನ್ನು ಪೆನ್ಸಿಲಿಗೆ ಸುತ್ತಿ ನೋಡಿ, ಅದರ ಓರೆ ಅಂಚು ಸುರುಳಿಯಾಗಿ ಏರುತ್ತದೆ. ಬೋಲ್ಟಿನ ಮೈಮೇಲೆ ಹೀಗೆ ಸುತ್ತಿಕೊಂಡು ಹೋಗುವ ಏಣನ್ನು ಕಾರ್ಖಾನೆಯವರು ಥ್ರೆಡ್ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ. ಒಂದು ಥ್ರೆಡ್ಡನ್ನು ಪೂರ್ತಿಯಾಗಿ ವಿವರಿಸಲು ಮೂರು ಸಂಗತಿಗಳು ಗೊತ್ತಿರಬೇಕು: ಬೋಲ್ಟಿನ ವ್ಯಾಸ, ಒಂದು ಸುತ್ತಿಗೆ ಅದು ಎಷ್ಟು ಮುಂದೆ ಸಾಗುತ್ತದೆ ಎಂಬುದು, ಮತ್ತು ಏಣಿನ ಎರಡು ಇಳಿಜಾರುಗಳ ನಡುವಿನ ಕೋನ. ಮೂರರಲ್ಲಿ ಒಂದು ತಪ್ಪಿದರೂ ನಟ್ಟು ಕೂರುವುದಿಲ್ಲ, ಅಥವಾ ಕೂತಂತೆ ನಟಿಸಿ ಭಾರ ಬಿದ್ದಾಗ ಕೈಕೊಡುತ್ತದೆ.

ಹದಿನೆಂಟನೇ ಶತಮಾನದ ಕೊನೆಯಲ್ಲಿ ಈ ಮೂರನ್ನೂ ಪ್ರತಿಯೊಬ್ಬ ಕುಶಲಕರ್ಮಿ ತನಗೆ ತೋಚಿದಂತೆ ಮಾಡಿಕೊಳ್ಳುತ್ತಿದ್ದ. ಸುರುಳಿಯನ್ನು ಕಬ್ಬಿಣದ ಸರಳಿನ ಮೇಲೆ ಗುರುತು ಮಾಡಿಕೊಂಡು ಅರದಿಂದಲೋ ಕೈ ಉಳಿಯಿಂದಲೋ ಕೊರೆಯುತ್ತಿದ್ದರು. ಒಂದು ಬೋಲ್ಟಿಗೆ ಒಂದೇ ನಟ್ಟು. ಯಂತ್ರವನ್ನು ಬಿಚ್ಚುವಾಗ ಯಾವ ನಟ್ಟು ಯಾವ ಬೋಲ್ಟಿನದು ಎಂದು ಗುರುತು ಹಾಕಿ ಇಡಬೇಕಾಗಿತ್ತು. ಜೋಡಿ ಅದಲುಬದಲಾದರೆ ಮುಗಿಯದ ತೊಂದರೆ, ಖರ್ಚು. ಜೇಮ್ಸ್ ನಾಸ್ಮಿತ್ ಎಂಬ ಹೆಸರಾಂತ ಎಂಜಿನಿಯರ್ ತನ್ನ ಆತ್ಮಕಥೆಯಲ್ಲಿ ಈ ಗೊಂದಲವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇದರಿಂದ ಹೊರಬರುವ ದಾರಿಯನ್ನು ತೋರಿಸಿದವನು ತನ್ನ ಗುರು ಹೆನ್ರಿ ಮಾಡ್ಸ್ಲೆ ಎಂದು ಅವನ ಅಭಿಪ್ರಾಯ.

ಮಾಡ್ಸ್ಲೆ 1771ರಲ್ಲಿ ಲಂಡನ್ ಬಳಿಯ ವುಲಿಚ್‌ನಲ್ಲಿ ಹುಟ್ಟಿದ. ಹನ್ನೆರಡನೇ ವಯಸ್ಸಿಗೆ ಅಲ್ಲಿನ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದ. ಅಲ್ಲಿಂದ ಬಡಗಿ ಕೆಲಸ, ಆಮೇಲೆ ಕಮ್ಮಾರಿಕೆ. ಹದಿನೆಂಟು ವರ್ಷಕ್ಕೆ ಅವನ ಕೈಚಳಕದ ಸುದ್ದಿ ಜೋಸೆಫ್ ಬ್ರಾಮಾ ಎಂಬ ಉದ್ಯಮಿಗೆ ತಲುಪಿತ್ತು. ಬ್ರಾಮಾ ಯಾರೂ ಕಳ್ಳಕೀಲಿಯಿಂದ ತೆರೆಯಲಾಗದ ಬೀಗವೊಂದನ್ನು ಯೋಚಿಸಿದ್ದ, ಆದರೆ ಅಷ್ಟು ನಿಖರವಾದ ಬಿಡಿಭಾಗಗಳನ್ನು ಅಗ್ಗವಾಗಿ ಮಾಡಿಸುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ. ಆ ಕೆಲಸವನ್ನು ಮಾಡ್ಸ್ಲೆ ಮಾಡಿಕೊಟ್ಟ. (ಆ ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ ಎಂದು ಬ್ರಾಮಾ ಸವಾಲು ಹಾಕಿದ್ದ. 1851ರಲ್ಲಿ ಹಾಬ್ಸ್ ಎಂಬ ಅಮೆರಿಕನ್ ಅದನ್ನು ತೆರೆಯುವವರೆಗೂ ಸವಾಲು ಹಾಗೆಯೇ ಇತ್ತು.) 1797ರಲ್ಲಿ ಮಾಡ್ಸ್ಲೆ ವಾರಕ್ಕೆ 30 ಷಿಲಿಂಗ್ ಸಂಬಳ ಸಾಲದು, ಹೆಚ್ಚು ಮಾಡಿ ಎಂದು ಕೇಳಿದ. ಬ್ರಾಮಾ ಒಪ್ಪಲಿಲ್ಲ. ಮಾಡ್ಸ್ಲೆ ಹೊರಬಂದು ತನ್ನದೇ ಸಣ್ಣ ವರ್ಕ್‌ಷಾಪು ತೆರೆದ. ಕೆಲವು ಷಿಲಿಂಗ್ ಉಳಿಸಲು ಹೋಗಿ ಇಷ್ಟು ದೊಡ್ಡ ಪ್ರತಿಭೆಯನ್ನು ಕಳೆದುಕೊಂಡ ಯಜಮಾನರು ಚರಿತ್ರೆಯಲ್ಲಿ ಹೆಚ್ಚು ಮಂದಿ ಸಿಗಲಾರರು.

ಮುಂದಿನ ಮೂರು ವರ್ಷಗಳಲ್ಲಿ ಅವನು ರೂಪಿಸಿದ ತಿರುಪು ಕೊರೆಯುವ ಲೇತ್ ಇವತ್ತಿಗೂ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಅದರ ತತ್ತ್ವ ಸರಳ. ಕೊರೆಯಬೇಕಾದ ಸರಳು ಒಂದು ಕಡೆ ತಿರುಗುತ್ತದೆ. ಉಳಿಯನ್ನು ಮನುಷ್ಯನ ಕೈ ಹಿಡಿಯುವುದಿಲ್ಲ, ಜಾರುವ ಪೀಠವೊಂದು ಹಿಡಿಯುತ್ತದೆ. ಆ ಪೀಠವನ್ನು ಮುಂದಕ್ಕೆ ತಳ್ಳುವುದು ಇನ್ನೊಂದು ಉದ್ದನೆಯ ತಿರುಪು. ಸರಳೂ ಈ ತಿರುಪೂ ಹಲ್ಲುಚಕ್ರಗಳಿಂದ ಜೋಡಿಸಲ್ಪಟ್ಟಿರುತ್ತವೆ. ಸರಳು ಒಂದು ಸುತ್ತು ಸುತ್ತಿದಾಗ ಉಳಿ ಇಷ್ಟೇ ದೂರ ಸಾಗಬೇಕು ಎಂಬುದನ್ನು ಹಲ್ಲುಚಕ್ರಗಳು ನಿರ್ಧರಿಸುತ್ತವೆ. ಚಕ್ರ ಬದಲಿಸಿದರೆ ಥ್ರೆಡ್ಡಿನ ಅಂತರ ಬದಲಾಗುತ್ತದೆ. ಕುಶಲಕರ್ಮಿಯ ಕೈಯಲ್ಲಿದ್ದ ನಿಖರತೆ ಹೀಗೆ ಯಂತ್ರದ ಮೈಗೆ ಬಂತು. ಇಂಥ ಯಂತ್ರವನ್ನು ಯೋಚಿಸಿದವನು ಮಾಡ್ಸ್ಲೆ ಒಬ್ಬನೇ ಅಲ್ಲ, ಅವನಿಗಿಂತ ಮೊದಲೂ ಹಲವರು ಪ್ರಯತ್ನಿಸಿದ್ದರು. ಮರದ ಬದಲು ಕಬ್ಬಿಣದಲ್ಲಿ, ದಿನನಿತ್ಯದ ಕೆಲಸಕ್ಕೆ ಒದಗುವಂತೆ, ನಂಬಿಕೆಗೆ ಅರ್ಹವಾಗುವಂತೆ ಅದನ್ನು ಮಾಡಿ ನಿಲ್ಲಿಸಿದ್ದು ಅವನ ಹೆಚ್ಚುಗಾರಿಕೆ.

ಇಲ್ಲಿ ಒಂದು ತೊಡಕು ನಿಮ್ಮ ಗಮನಕ್ಕೆ ಬಂದಿರಬೇಕು. ನಿಖರವಾದ ತಿರುಪನ್ನು ಮಾಡಲು ಈಗಾಗಲೇ ನಿಖರವಾಗಿರುವ ಇನ್ನೊಂದು ತಿರುಪು ಬೇಕು. ಹಾಗಾದರೆ ಮೊದಲನೆಯದು ಎಲ್ಲಿಂದ ಬಂತು? ಮಾಡ್ಸ್ಲೆ ತವರ, ಹಿತ್ತಾಳೆ, ಗಟ್ಟಿಮರದಂಥ ಮೆತ್ತನೆಯ ವಸ್ತುಗಳ ಉರುಳೆಗಳನ್ನು ತಿರುಗಿಸಿ, ಅವುಗಳ ಮೈಗೆ ಓರೆಯಾಗಿ ಹಿಡಿದ ಅರ್ಧಚಂದ್ರಾಕಾರದ ಚಾಕುವನ್ನು ಒತ್ತಿದ. ಚಾಕು ತನ್ನ ಓರೆಗೆ ತಕ್ಕಂತೆ ತಾನಾಗಿ ಸುರುಳಿ ಕೆತ್ತುತ್ತಾ ಹೋಯಿತು. ಹೀಗೆ ಮಾಡಿದ ಹಲವು ತಿರುಪುಗಳಲ್ಲಿ ಉತ್ತಮವಾದುದನ್ನು ಆರಿಸಿ, ಅದರ ದೋಷಗಳನ್ನು ತಿದ್ದಿ, ಅದರಿಂದ ಮುಂದಿನದನ್ನು ಮಾಡಿದ. ಒಂದು ತಲೆಮಾರಿನ ತಿರುಪು ಮುಂದಿನ ತಲೆಮಾರನ್ನು ಹಡೆಯಿತು, ಪ್ರತಿ ತಲೆಮಾರಿನಲ್ಲೂ ತಪ್ಪು ಕಡಿಮೆಯಾಯಿತು. ಕೊನೆಗೆ ಅವನು ಐದು ಅಡಿ ಉದ್ದದ, ಎರಡು ಅಂಗುಲ ವ್ಯಾಸದ, ಅಂಗುಲಕ್ಕೆ 50 ಸುತ್ತುಗಳಿದ್ದ ಒಂದು ತಿರುಪು ಮಾಡಿದ. ಅದರ ನಟ್ಟಿನ ಉದ್ದವೇ ಹನ್ನೆರಡು ಅಂಗುಲ, ಒಳಗೆ 600 ಸುತ್ತುಗಳು. ಖಗೋಳ ಉಪಕರಣಗಳ ಅಳತೆಪಟ್ಟಿಗಳನ್ನು ಗುರುತು ಮಾಡಲು ಇಂಥ ತಿರುಪು ಬೇಕಾಗಿತ್ತು.

ಅಂದರೆ ತಿರುಪು ಬಿಗಿಯುವ ಸಾಧನ ಮಾತ್ರವಲ್ಲ, ಅಳೆಯುವ ಸಾಧನವೂ ಹೌದು. ಪಿ.ಯು.ಸಿ. ಪ್ರಯೋಗಶಾಲೆಯ ಸ್ಕ್ರೂ ಗೇಜನ್ನು ನೀವು ಬಳಸಿರಬಹುದು, ಮುಂದೆ ಬಳಸುವಿರಿ. ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಸಾಗುವ ತಿರುಪು, ಅದರ ತಲೆಯ ಮೇಲೆ 50 ಸಮಭಾಗಗಳು. ಒಂದು ಭಾಗ ತಿರುಗಿಸಿದರೆ ಸಾಗುವುದು ಮಿಲಿಮೀಟರಿನ ನೂರನೇ ಒಂದು ಪಾಲು. ಕಣ್ಣಿಗೆ ಕಾಣದ ದೂರವನ್ನು ಕೈಯಿಂದ ತಿರುಗಿಸಬಲ್ಲ ಕೋನವಾಗಿ ಮಾಡಿಕೊಡುವುದೇ ಅದರ ಗುಟ್ಟು. ನನ್ನ ಬಿ.ಎಸ್ಸಿ. ದಿನಗಳಲ್ಲಿ ಅದರ ಶೂನ್ಯ ದೋಷ ಹೊಂದಿಸುವುದರಲ್ಲೇ ಅರ್ಧ ತರಗತಿ ಕಳೆಯುತ್ತಿತ್ತು, ಅದರ ಹಿಂದಿನ ಕತೆಯನ್ನು ಮಾತ್ರ ಯಾರೂ ಹೇಳಲಿಲ್ಲ. ಮಾಡ್ಸ್ಲೆ ತನ್ನ ಮೇಜಿನ ಮೇಲೆ ಇಂಥದೇ ಒಂದು ಅಳತೆಯಂತ್ರ ಇಟ್ಟುಕೊಂಡಿದ್ದ. ವರ್ಕ್‌ಷಾಪಿನಲ್ಲಿ ಅಳತೆಯ ಜಗಳ ಬಂದರೆ ಅದರ ತೀರ್ಪೇ ಕೊನೆ. ಅದಕ್ಕೆ ಮೇಲ್ಮನವಿ ಇಲ್ಲವಾದ್ದರಿಂದ ಅವರು ಅದನ್ನು ಲಾರ್ಡ್ ಚಾನ್ಸಲರ್ ಎಂದು ಕರೆಯುತ್ತಿದ್ದರು. ಆ ಕಾಲದಲ್ಲಿ ಅದು ಆ ದೇಶದ ಅತ್ಯುನ್ನತ ನ್ಯಾಯಾಧಿಕಾರಿಯ ಪದವಿಯಾಗಿತ್ತು.

ಮಾಡ್ಸ್ಲೆ ತನ್ನ ವರ್ಕ್‌ಷಾಪಿನೊಳಗೆ ಥ್ರೆಡ್ಡುಗಳನ್ನು ಒಂದು ಕ್ರಮಕ್ಕೆ ತಂದ. ಆದರೆ ಬೀದಿಯ ಆಚೆಗಿನ ವರ್ಕ್‌ಷಾಪು? ಅಲ್ಲಿ ಅವರದೇ ಕ್ರಮ. ಇದನ್ನು ಇಡೀ ದೇಶದ ಮಟ್ಟಕ್ಕೆ ಒಯ್ದವನು 1825ರಲ್ಲಿ ಮಾಡ್ಸ್ಲೆಯ ಬಳಿ ಕೆಲಸಕ್ಕೆ ಸೇರಿದ ಜೋಸೆಫ್ ವಿಟ್‌ವರ್ತ್. ಹುಟ್ಟಿದ್ದು 1803ರಲ್ಲಿ, ಸ್ಟಾಕ್‌ಪೋರ್ಟ್‌ನಲ್ಲಿ. 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆ ತೆರೆದ.

ವಿಟ್‌ವರ್ತ್‌ನ ಒಂದು ವಿಧಾನವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ಬಹಳ ಸೊಗಸಾದದ್ದು. ಸಂಪೂರ್ಣ ಚಪ್ಪಟೆಯಾದ ಲೋಹದ ತಟ್ಟೆಯನ್ನು ಮಾಡುವುದು ಹೇಗೆ? ಎರಡು ತಟ್ಟೆಗಳನ್ನು ಒಂದಕ್ಕೊಂದು ತಾಳೆ ನೋಡಿ ತಿದ್ದಿದರೆ ಎರಡೂ ಹೊಂದಿಕೊಳ್ಳುತ್ತವೆ ನಿಜ, ಆದರೆ ಒಂದು ಉಬ್ಬು, ಇನ್ನೊಂದು ತಗ್ಗು ಆಗಿ ಹೊಂದಿಕೊಂಡಿರಲೂಬಹುದು. ಆದ್ದರಿಂದ ಮೂರು ತಟ್ಟೆ ತೆಗೆದುಕೊಳ್ಳಿ. ಒಂದಕ್ಕೆ ಬಣ್ಣ ಸವರಿ ಇನ್ನೊಂದರ ಮೇಲಿಡಿ, ಬಣ್ಣ ಹತ್ತಿದ ಉಬ್ಬುಗಳನ್ನು ಕೆರೆದು ತೆಗೆಯಿರಿ. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ. ಮೂರೂ ಒಂದಕ್ಕೊಂದು ಹೊಂದಬೇಕಾದರೆ ಒಂದೇ ದಾರಿ: ಮೂರೂ ಚಪ್ಪಟೆಯಾಗಿರಬೇಕು. ಅಳತೆಕೋಲಿಲ್ಲ, ಯಂತ್ರವಿಲ್ಲ, ತರ್ಕ ಮಾತ್ರ. ಇದನ್ನು ಅವನು 1840ರಲ್ಲಿ ಗ್ಲಾಸ್ಗೋದಲ್ಲಿ ವಿಜ್ಞಾನಿಗಳ ಸಭೆಯಲ್ಲಿ ವಿವರಿಸಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅಂಗುಲದ ಹತ್ತು ಲಕ್ಷದ ಒಂದು ಪಾಲನ್ನು ಗುರುತಿಸುವ ಅವನ ಅಳತೆಯಂತ್ರವನ್ನು ಜನ ಬೆರಗಿನಿಂದ ನೋಡಿದರು.

ಆದರೆ ಥ್ರೆಡ್ಡಿನ ವಿಷಯದಲ್ಲಿ ಅವನು ಬಳಸಿದ್ದು ಇಂಥ ಸೂಕ್ಷ್ಮತೆಯನ್ನಲ್ಲ, ಲೋಕಜ್ಞಾನವನ್ನು. ಇಂಗ್ಲೆಂಡಿನ ಹಲವಾರು ವರ್ಕ್‌ಷಾಪುಗಳಿಂದ ಅವರು ಬಳಸುತ್ತಿದ್ದ ಬೋಲ್ಟುಗಳನ್ನು ತರಿಸಿಕೊಂಡ. ಎಲ್ಲವನ್ನೂ ಅಳೆದ. ಅವುಗಳ ಸರಾಸರಿ ತೆಗೆದ. ಕೋನ ಸುಮಾರು 55 ಡಿಗ್ರಿ ಬಂತು, ಅದನ್ನೇ ಇಟ್ಟುಕೊಂಡ. ಪ್ರತಿ ವ್ಯಾಸಕ್ಕೂ ಅಂಗುಲಕ್ಕೆ ಎಷ್ಟು ಸುತ್ತು ಎಂಬ ಪಟ್ಟಿ ಮಾಡಿದ. ಕಾಲು ಅಂಗುಲದ ಬೋಲ್ಟಿಗೆ 20, ಅರ್ಧ ಅಂಗುಲದ್ದಕ್ಕೆ 12, ಹೀಗೆ. 1841ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಈ ಪಟ್ಟಿಯನ್ನು ಇಟ್ಟ. ಗಣಿತದ ದೃಷ್ಟಿಯಿಂದ 55 ಡಿಗ್ರಿಯಲ್ಲಿ ಏನೂ ವಿಶೇಷವಿಲ್ಲ. ಆದರೆ ಸರಾಸರಿಯಾದ್ದರಿಂದ ಯಾರೂ ತಮ್ಮ ರೂಢಿಯಿಂದ ಬಹಳ ದೂರ ಸರಿಯಬೇಕಾಗಿರಲಿಲ್ಲ. ಯಾರ ಪಟ್ಟಿಯೂ ಗೆಲ್ಲಲಿಲ್ಲ, ಯಾರದೂ ಪೂರ್ತಿ ಸೋಲಲಿಲ್ಲ. ಅವನ ಬುದ್ಧಿವಂತಿಕೆ ಇಲ್ಲೇ ಇರುವುದೆಂದು ನನಗೆ ಅನಿಸುತ್ತದೆ. ರೈಲ್ವೆ ಕಂಪನಿಗಳು ಮೊದಲು ಒಪ್ಪಿದವು, ಉಳಿದವರು ಹಿಂದೆ ಬಂದರು. 1850ರ ದಶಕದಲ್ಲಿ ಕ್ರಿಮಿಯನ್ ಯುದ್ಧದ ವೇಳೆ ನೌಕಾಪಡೆಗೆ ತುರ್ತಾಗಿ ಎಂಜಿನ್ನುಗಳು ಬೇಕಾದಾಗ, ಜಾನ್ ಪೆನ್ ಎಂಬ ಎಂಜಿನಿಯರ್ ಬೇರೆಬೇರೆ ವರ್ಕ್‌ಷಾಪುಗಳಿಗೆ ಬಿಡಿಭಾಗಗಳನ್ನು ಹಂಚಿ, ಬಂದವನ್ನು ಜೋಡಿಸಿ ಎಂಜಿನ್ ಮಾಡಿಕೊಟ್ಟ. ಒಂದು ಊರಿನ ಬೋಲ್ಟು ಇನ್ನೊಂದು ಊರಿನ ನಟ್ಟಿಗೆ ಕೂರದ ಕಾಲದಲ್ಲಿ ಇದು ಯೋಚನೆಗೂ ನಿಲುಕದ ಮಾತು.

ಇಷ್ಟಾಯಿತಲ್ಲ, ಇನ್ನೇನು ತೊಂದರೆ ಎನ್ನುತ್ತೀರಾ? ಅಟ್ಲಾಂಟಿಕ್ ಸಾಗರದ ಆಚೆ ಅಮೆರಿಕದವರಿದ್ದರು. 1864ರಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆಯಲ್ಲಿ ವಿಲಿಯಂ ಸೆಲ್ಲರ್ಸ್ ಎಂಬ ಯಂತ್ರತಯಾರಕ ಬೇರೊಂದು ಪಟ್ಟಿ ಮಂಡಿಸಿದ. ವಿಟ್‌ವರ್ತ್ ಥ್ರೆಡ್ಡಿನ ತುದಿ ದುಂಡಗಿನದು. ಅದನ್ನು ಸರಿಯಾಗಿ ಕೊರೆಯಲು ಹಲವು ಬಗೆಯ ಉಳಿಗಳೂ ಒಳ್ಳೆಯ ಪಳಗಿದ ಕೆಲಸಗಾರನೂ ಬೇಕು ಎಂಬುದು ಅವನ ಆಕ್ಷೇಪ. ತುದಿ ಚಪ್ಪಟೆಯಾಗಿರಲಿ, ಕೋನ 60 ಡಿಗ್ರಿ ಇರಲಿ ಎಂದ. 60 ಏಕೆ? ಕೈವಾರ ತೆಗೆದುಕೊಂಡು ಸಮಬಾಹು ತ್ರಿಭುಜ ಬರೆಯಿರಿ, ಉತ್ತರ ಸಿಗುತ್ತದೆ. 55 ಡಿಗ್ರಿಯನ್ನು ಸಾಮಾನ್ಯ ಕೆಲಸಗಾರ ಪರೀಕ್ಷಿಸುವುದು ಕಷ್ಟ, 60 ಡಿಗ್ರಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಸೆಲ್ಲರ್ಸ್ ಹೇಳಿದ್ದು ಸರಿ. ಆದರೆ ಈಗ ಜಗತ್ತಿನಲ್ಲಿ ಎರಡು ಸರಿಗಳಾದವು, ಅವುಗಳ ನಡುವೆ ಐದು ಡಿಗ್ರಿಯ ಅಂತರ. ಮೆಟ್ರಿಕ್ ಅಳತೆಯ ಯುರೋಪಿನಲ್ಲಿ ಮೂರನೆಯದು ಬೆಳೆಯುತ್ತಿತ್ತು.

ಇದೆಲ್ಲ ಎಂಜಿನಿಯರುಗಳ ಕಾಗದದ ಜಗಳ ಎಂದುಕೊಳ್ಳಬೇಡಿ. 1904ರ ಫೆಬ್ರವರಿ 7, ಭಾನುವಾರ. ಅಮೆರಿಕದ ಬಾಲ್ಟಿಮೋರ್ ನಗರದ ವ್ಯಾಪಾರದ ಬಡಾವಣೆಯಲ್ಲಿ ಬೆಂಕಿ ಹೊತ್ತಿತು. ಗಾಳಿ ಬೀಸುತ್ತಿತ್ತು. ಸ್ಥಳೀಯ ಅಗ್ನಿಶಾಮಕರ ಕೈಮೀರಿದಾಗ ನೆರೆಯ ನಗರಗಳಿಗೆ ತಂತಿ ಹೋಯಿತು. ವಾಷಿಂಗ್ಟನ್ನಿನಿಂದ ನೀರೆರಚುವ ಯಂತ್ರಗಳು ರೈಲಿನಲ್ಲಿ ಧಾವಿಸಿ ಬಂದವು. ಫಿಲಡೆಲ್ಫಿಯಾದಿಂದಲೂ, ದೂರದ ನ್ಯೂಯಾರ್ಕಿನಿಂದಲೂ ಜನ ಬಂದರು. ಕೊಳವೆ ಬಿಚ್ಚಿ ಬೀದಿಯ ನಲ್ಲಿಗೆ ತಿರುಗಿಸಿದರೆ ಕೂರಲಿಲ್ಲ. ಪ್ರತಿ ನಗರದ ಕೊಳವೆಗೂ ಬೇರೆ ಥ್ರೆಡ್ಡು. ಕ್ಯಾನ್ವಾಸ್ ಬಟ್ಟೆ ಸುತ್ತಿ ಹಿಡಿದು ನೀರು ಹಾಯಿಸಲು ನೋಡಿದರು, ಅರ್ಧ ನೀರು ಬೀದಿಗೇ ಹರಿಯಿತು. ನೀರಿತ್ತು, ಯಂತ್ರವಿತ್ತು, ಸಾವಿರಕ್ಕೂ ಹೆಚ್ಚು ಜನರಿದ್ದರು. ಆದರೂ ಬೆಂಕಿ ಸುಮಾರು 30 ಗಂಟೆಗಳ ಕಾಲ ಉರಿದು 1,500ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. ಆಮೇಲೆ ಅಮೆರಿಕದ ಮಾನಕ ಸಂಸ್ಥೆ ದೇಶದ ಅಗ್ನಿಶಾಮಕ ಕೊಳವೆಗಳ ಜೋಡಣೆಗಳನ್ನು ತರಿಸಿ ನೋಡಿದಾಗ 600ಕ್ಕೂ ಹೆಚ್ಚು ಬಗೆಗಳು ಸಿಕ್ಕವು! 1905ರಲ್ಲಿ ಒಂದು ರಾಷ್ಟ್ರೀಯ ಅಳತೆ ನಿಗದಿಯಾಯಿತು: ಎರಡೂವರೆ ಅಂಗುಲ ಕೊಳವೆಗೆ ಅಂಗುಲಕ್ಕೆ ಏಳೂವರೆ ಸುತ್ತು. ಇನ್ನೂ ಒಂದು ಮಾತು ಹೇಳಿದರೆ ನೀವು ನಂಬಲಾರಿರಿ. ನೂರು ವರ್ಷ ಕಳೆದ ಮೇಲೂ ಆ ದೇಶದ ಎಲ್ಲ ದೊಡ್ಡ ನಗರಗಳು ಅದನ್ನು ಒಪ್ಪಿಕೊಂಡಿರಲಿಲ್ಲ. ಇರುವ ನಲ್ಲಿಗಳನ್ನೆಲ್ಲ ಬದಲಿಸಲು ಹಣ ಬೇಕಲ್ಲ.

ಎರಡನೇ ಮಹಾಯುದ್ಧದಲ್ಲಿ ಐದು ಡಿಗ್ರಿಯ ಅಂತರ ಮತ್ತೆ ಕಾಡಿತು. ಬ್ರಿಟನ್ನಿನ ರೋಲ್ಸ್ ರಾಯ್ಸ್ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ ತಯಾರಿಸಲು ಒಪ್ಪಿತು. ಎಂಜಿನ್ನಿನ ತುಂಬ ಬ್ರಿಟಿಷ್ ಥ್ರೆಡ್ಡುಗಳು. ಅವನ್ನು ಕೊರೆಯುವ ಸಲಕರಣೆಗಳು ಅಮೆರಿಕದಲ್ಲಿ ಸಿಗುತ್ತಿರಲಿಲ್ಲ. ಪ್ಯಾಕರ್ಡ್‌ನವರು ಎಂಜಿನ್ ಮಾಡುವುದಕ್ಕೆ ಮೊದಲು ಆ ಸಲಕರಣೆಗಳನ್ನೇ ಮಾಡಿಕೊಳ್ಳಬೇಕಾಯಿತು. ಯುದ್ಧ ಮುಗಿದ ಮೇಲೆ, 1948ರ ನವೆಂಬರಿನಲ್ಲಿ, ಬ್ರಿಟನ್, ಕೆನಡಾ ಮತ್ತು ಅಮೆರಿಕ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಕೋನ ಸೆಲ್ಲರ್ಸ್‌ನ 60 ಡಿಗ್ರಿ. ಬುಡದ ದುಂಡನೆಯ ತಿರುವು ವಿಟ್‌ವರ್ತ್‌ನ ಕಡೆಯಿಂದ ಬಂದದ್ದು. ಚೂಪಾದ ಮೂಲೆಯಲ್ಲಿ ಬಿರುಕು ಬೇಗ ಹುಟ್ಟುತ್ತದೆ ಎಂಬುದು ಅಷ್ಟು ಹೊತ್ತಿಗೆ ಚೆನ್ನಾಗಿ ತಿಳಿದಿತ್ತು. ಅದಕ್ಕೆ ಒಂದು ವರ್ಷ ಮೊದಲು, 1947ರಲ್ಲಿ, ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಆರಂಭವಾಗಿತ್ತು. ಅದರ ಸಮಿತಿಗಳಿಗೆ ಅಂಕೆಗಳಿವೆ. 1ನೇ ಅಂಕೆಯ ಸಮಿತಿ ಯಾವುದರದು ಗೊತ್ತೇ? ತಿರುಪಿನ ಥ್ರೆಡ್ಡುಗಳದು.

ಭಾರತೀಯ ಮಾನಕ ಸಂಸ್ಥೆಯೂ 1947ರಲ್ಲೇ ಆರಂಭವಾಯಿತು. ಅಲ್ಲಿಯವರೆಗೆ ನಮ್ಮಲ್ಲಿ ಬ್ರಿಟಿಷರ ಅಂಗುಲವೇ ಆಳುತ್ತಿತ್ತು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂತು, ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಯಾಯಿತು. 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್‌ನ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಗಿ ಲೇತ್‌ಗಳನ್ನು ಮಾಡತೊಡಗಿತು. ಮಾಡ್ಸ್ಲೆಯ ಆ ಸಣ್ಣ ಯಂತ್ರದ ವಂಶದ ಕುಡಿಗಳು ಜಾಲಹಳ್ಳಿಗೆ ಬಂದದ್ದು ಹೀಗೆ.

ಈಗ ನನ್ನ ಮಾವನ ಬುಲೆಟ್ಟಿಗೆ ಬರೋಣ. ಬುಲೆಟ್ ಮೂಲತಃ ಇಂಗ್ಲೆಂಡಿನದು. 1955ರಿಂದ ಮದ್ರಾಸಿನಲ್ಲಿ ಜೋಡಿಸತೊಡಗಿದರು. ಅದರ ಮೈಯಲ್ಲಿ ಬ್ರಿಟಿಷ್ ಥ್ರೆಡ್ಡುಗಳು. ಅಪ್ಪನ ಯೆಜ್ಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಅಲ್ಲಿ 1961ರಲ್ಲಿ ಉತ್ಪಾದನೆ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿತು. ಮೂಲ ಚೆಕೊಸ್ಲೊವಾಕಿಯಾದ್ದು, ಆದ್ದರಿಂದ ಎಲ್ಲವೂ ಮಿಲಿಮೀಟರ್. ನಮ್ಮ ಮೆಟ್ಟಿಲಿನ ಕೆಳಗೆ ಆ ಮಧ್ಯಾಹ್ನ ಪಕ್ಕಪಕ್ಕದಲ್ಲಿ ನಿಂತಿದ್ದವು ಎರಡು ಮೋಟಾರ್ ಸೈಕಲ್ಲುಗಳಲ್ಲ, ಎರಡು ಚರಿತ್ರೆಗಳು. ಮಾವನ ಬೋಲ್ಟಿನ ತಲೆಯ ಅಗಲ 0.525 ಅಂಗುಲ, ಅಂದರೆ 13.3 ಮಿಲಿಮೀಟರ್. 14ರ ಸ್ಪ್ಯಾನರಿನ ಬಾಯಲ್ಲಿ 0.7 ಮಿಲಿಮೀಟರ್ ಸಡಿಲ. ಸರಿಯಾದ ಸ್ಪ್ಯಾನರು ಬೋಲ್ಟಿನ ಮುಖಗಳನ್ನು ಚಪ್ಪಟೆಯಾಗಿ ಹಿಡಿಯುತ್ತದೆ. ಸಡಿಲವಾದದ್ದು ಮೂಲೆಗಳನ್ನು ಮಾತ್ರ ಮುಟ್ಟುತ್ತದೆ. ಅದೇ ಬಲ, ತೀರ ಕಿರಿದಾದ ಜಾಗ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಪರೀಕ್ಷೆಯಲ್ಲಿ ಬರೆದಿದ್ದೆ, ಸ್ಪ್ಯಾನರ್ ಹಿಡಿದಾಗ ನೆನಪಾಗಲಿಲ್ಲ.

ಸ್ಪ್ಯಾನರುಗಳ ಮೇಲಿನ ಅಂಕೆಗಳೂ ಹೀಗೆಯೇ ದಾರಿ ತಪ್ಪಿಸುತ್ತವೆ. ಮೆಟ್ರಿಕ್ ಸ್ಪ್ಯಾನರಿನ ಅಂಕೆ ಅದರ ಬಾಯಿಯ ಅಗಲ. ಹಳೆಯ ಬ್ರಿಟಿಷ್ ಸ್ಪ್ಯಾನರಿನ ಅಂಕೆ ಬಾಯಿಯದಲ್ಲ, ಅದು ಬಿಗಿಯಬೇಕಾದ ಬೋಲ್ಟಿನ ಮೈಯ ವ್ಯಾಸ. ಅದೂ ಸಾಲದೆಂಬಂತೆ ಯುದ್ಧಕಾಲದಲ್ಲಿ ಉಕ್ಕು ಉಳಿಸಲು ಬ್ರಿಟನ್ನಿನಲ್ಲಿ ಬೋಲ್ಟುಗಳ ತಲೆಯನ್ನು ಚಿಕ್ಕದು ಮಾಡಿದರು. ಹಾಗಾಗಿ ಒಂದೇ ಸ್ಪ್ಯಾನರಿನ ಮೇಲೆ ಎರಡು ಗುರುತುಗಳು ಬಂದವು. ಇಂಥ ಗೊಂದಲದಿಂದ ಬೇಸತ್ತವರಲ್ಲಿ ಸ್ವೀಡನ್ನಿನ ಯೋಹಾನ್ ಪೀಟರ್ ಯೋಹಾನ್ಸನ್ ಒಬ್ಬ. ದುರಸ್ತಿಗೆ ಹೋದಲ್ಲೆಲ್ಲ ಸ್ಪ್ಯಾನರುಗಳ ಹೊರೆ ಹೊರಬೇಕಾಗಿತ್ತು. 1892ರಲ್ಲಿ ಅವನು ಬಾಯಿ ಹಿಗ್ಗಿಸಿ ಕುಗ್ಗಿಸಬಲ್ಲ ಸ್ಪ್ಯಾನರಿಗೆ ಪೇಟೆಂಟ್ ಪಡೆದ. ಬೆರಳಿನಿಂದ ತಿರುಗಿಸುವ ಅದರ ಪುಟ್ಟ ಉರುಳೆಯನ್ನು ನೋಡಿ, ಅದೂ ಒಂದು ತಿರುಪೇ! ಆದರೆ ತುರ್ತಿಗೆ ಮಾತ್ರ ಅದನ್ನು ಬಳಸಿ, ಸರಿಯಾದ ಅಳತೆಯ ಸ್ಪ್ಯಾನರಿಗೆ ಅದು ಸಾಟಿಯಲ್ಲ.

ನಾವು ಸ್ಟಾರ್ ಎಂದು ಕರೆಯುವ ಸ್ಕ್ರೂಡ್ರೈವರಿಗೂ ಒಬ್ಬ ತಂದೆ ಇದ್ದಾನೆ, ಅಮೆರಿಕದ ಹೆನ್ರಿ ಫಿಲಿಪ್ಸ್. 1936ರಲ್ಲಿ ಪೇಟೆಂಟಾದ ಆ ಶಿಲುಬೆಯಾಕಾರದ ಸೀಳು ತುದಿಯನ್ನು ತಾನಾಗಿ ನಡುವಿಗೆ ತಂದುಕೊಳ್ಳುತ್ತದೆ. ಮೋಟಾರು ಕಾರ್ಖಾನೆಯಲ್ಲಿ ಯಂತ್ರದಿಂದ ತಿರುಪು ಬಿಗಿಯಲು ಅದು ಅನುಕೂಲವಾಯಿತು. ಡ್ರಿಲ್ಲಿನ ಕತೆ ಇನ್ನೂ ಕುತೂಹಲದ್ದು. ನಮ್ಮ ಬಡಗಿಗಳು ತಲೆಮಾರುಗಳಿಂದ ಬಿಲ್ಲಿನ ಹಗ್ಗ ಸುತ್ತಿದ ಬೈರಿಗೆಯಿಂದ ತೂತು ಕೊರೆಯುತ್ತಿದ್ದರು. 1889ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ವಿದ್ಯುತ್ ಡ್ರಿಲ್ಲಿಗೆ ಪೇಟೆಂಟ್ ಸಿಕ್ಕಿತು, ಆದರೆ ಅದು ಕೈಯಲ್ಲಿ ಹಿಡಿಯುವಂಥದಲ್ಲ. 1917ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಪಿಸ್ತೂಲಿನ ಹಿಡಿ, ಬೆರಳಿನ ಕುದುರೆ ಇರುವ ಡ್ರಿಲ್ಲಿಗೆ ಪೇಟೆಂಟ್ ಪಡೆಯಿತು. 1946ರಲ್ಲಿ ಅದೇ ಕಂಪನಿ ಮನೆಬಳಕೆಯ ಅಗ್ಗದ ಡ್ರಿಲ್ಲನ್ನು ಮಾರುಕಟ್ಟೆಗೆ ಬಿಟ್ಟಾಗ, ಕಾರ್ ಷೆಡ್ಡು ವರ್ಕ್‌ಷಾಪಾಗುವ ಕಾಲ ಪಶ್ಚಿಮದಲ್ಲಿ ಆರಂಭವಾಯಿತು. 1961ರಲ್ಲಿ ರಾನ್ ಹಿಕ್‌ಮನ್ ಎಂಬ ಕಾರು ವಿನ್ಯಾಸಕಾರ ಮನೆಯಲ್ಲಿ ಕಪಾಟು ಮಾಡುವಾಗ ಮರದ ಹಲಗೆಯನ್ನು ಒಳ್ಳೆಯ ಕುರ್ಚಿಯ ಮೇಲಿಟ್ಟು ಗರಗಸ ಹಾಕಿ, ಹಲಗೆಯ ಜೊತೆಗೆ ಕುರ್ಚಿಯನ್ನೂ ಕೊಯ್ದುಬಿಟ್ಟ. ಆ ಪಶ್ಚಾತ್ತಾಪದಿಂದ ಹುಟ್ಟಿದ್ದೇ ವರ್ಕ್‌ಮೇಟ್ ಎಂಬ ಮಡಿಸುವ ಮೇಜು. ಅದರ ಮೇಲ್ಭಾಗವೇ ದೊಡ್ಡ ವೈಸ್, ಎರಡು ತಿರುಪುಗಳಿಂದ ಹಲಗೆಗಳು ಹತ್ತಿರ ಸರಿಯುತ್ತವೆ.

ಎಲ್ಲವೂ ಮೆಟ್ರಿಕ್ ಆಯಿತು, ಅಂಗುಲ ತೊಲಗಿತು ಎಂದು ನೀವು ತಿಳಿದಿದ್ದರೆ, ನಮ್ಮ ಸ್ಟುಡಿಯೋಗೆ ಬನ್ನಿ. ಸಣ್ಣ ಕ್ಯಾಮೆರಾವನ್ನು ಮುಕ್ಕಾಲಿಗೆ ಬಿಗಿಯುವ ತಿರುಪಿನ ವ್ಯಾಸ ಕಾಲು ಅಂಗುಲ, ಅಂಗುಲಕ್ಕೆ 20 ಸುತ್ತು. ವಿಟ್‌ವರ್ತ್‌ನ 1841ರ ಪಟ್ಟಿಯಲ್ಲಿದ್ದ ಅದೇ ಲೆಕ್ಕ. ಜಪಾನಿನ ಕ್ಯಾಮೆರಾ ಇರಲಿ, ಜರ್ಮನಿಯದಿರಲಿ, ತಳದಲ್ಲಿ ಅದೇ ತೂತು. ಒಮ್ಮೆ ಎಲ್ಲರೂ ಒಪ್ಪಿಕೊಂಡದ್ದನ್ನು ಬಿಡುವುದು, ಒಪ್ಪಿಸುವುದಕ್ಕಿಂತ ಕಷ್ಟ.

ಆ ಸಂಜೆ ಅಪ್ಪ ಬೈಯಲಿಲ್ಲ. ಬೋಲ್ಟು ಹೇಗೂ ಸಡಿಲವಾಗಿತ್ತಲ್ಲ, ಇಕ್ಕಳದಿಂದ ಹಿಡಿದು ಬಿಚ್ಚಿ ನನ್ನ ಕೈಗೆ ಕೊಟ್ಟು, ರಸ್ತೆ ತಿರುವಿನ ಮೇಸ್ತ್ರಿಯ ಬಳಿಗೆ ಕಳುಹಿಸಿದರು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿ, “ಏನಪ್ಪಾ, ಯಾವ ಸ್ಪ್ಯಾನರ್ ಹಾಕ್ದೆ ಇದಕ್ಕೆ?” ಎಂದರು. ಹದಿನಾಲ್ಕು ಎಂದೆ. “ಇದು ಇಂಗ್ಲಿಷ್ ಬೋಲ್ಟು ಕಣೋ, ನಿಮ್ಮಪ್ಪನ ಸ್ಪ್ಯಾನರಿಗೆ ಬಗ್ಗಲ್ಲ” ಎಂದು ನಕ್ಕು, ತಮ್ಮ ಡಬ್ಬಿಯಿಂದ ಎರಡು ಗುರುತುಗಳಿದ್ದ ಒಂದು ಸ್ಪ್ಯಾನರ್ ತೆಗೆದು ತೋರಿಸಿದರು. ಒಂದು ಕಡೆ ಕಾಲು, ಇನ್ನೊಂದು ಕಡೆ ಐದು-ಹದಿನಾರು. ಆ ಹೊತ್ತಿನಲ್ಲಿ ಅಂಥದೇ ಹೊಸ ಬೋಲ್ಟು ಎಲ್ಲಿಯೂ ಸಿಗುವಂತಿರಲಿಲ್ಲ. ಅವರು ತಾಮ್ರದ ತಗಡು ಸುತ್ತಿ ಬೋಲ್ಟನ್ನು ವೈಸಿಗೆ ಕೊಟ್ಟು, ಅರ ಹಿಡಿದು ಒಂದೊಂದೇ ಮುಖವನ್ನು ಉಜ್ಜತೊಡಗಿದರು. ನಡುನಡುವೆ 12ರ ಸ್ಪ್ಯಾನರನ್ನು ಇಟ್ಟು ನೋಡುವರು, ಮತ್ತೆ ಉಜ್ಜುವರು. ಅರ್ಧ ಗಂಟೆಯಲ್ಲಿ ಆರೂ ಮುಖಗಳು ಹೊಳೆಯುತ್ತಾ ಬಂದವು. ಮಾಡ್ಸ್ಲೆಗಿಂತ ಹಿಂದಿನ ಕಾಲದಲ್ಲಿ ಪ್ರತಿ ಬೋಲ್ಟಿಗೂ ನಡೆಯುತ್ತಿದ್ದದ್ದು ಇದೇ ಕೆಲಸ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಮೈ ಇಂಗ್ಲೆಂಡಿನ ಅಂಗುಲ, ತಲೆ ಮಿಲಿಮೀಟರ್. ಅಂಥ ಬೋಲ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಯಾವ ಪಟ್ಟಿಯಲ್ಲೂ ಇಲ್ಲ. ಮಾವ ಆ ಬುಲೆಟ್ಟನ್ನು ಮಾರುವವರೆಗೂ, ಅದರ ಪಕ್ಕದ ಡಬ್ಬಿಯಲ್ಲಿ ಬ್ರಿಟಿಷ್ ಸ್ಪ್ಯಾನರುಗಳ ನಡುವೆ, ಆ ಒಂದೇ ಬೋಲ್ಟಿಗಾಗಿ ಒಂದು 12ರ ಸ್ಪ್ಯಾನರನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು.